ಹಿಂದಿನಿಂದ ಬಂದ ಗಾಳಿ

ಗುರುವಾರ ಬೆಳಿಗ್ಗೆ ಹತ್ತೂವರೆ. ಅಂಗಡಿಯ ಮುಂದಿನ ಅಂಗಳದಲ್ಲಿ, ತಾನೇ ಹೊಲಿದು ನಿಲ್ಲಿಸಿದ ಡೇರೆಯೊಳಗೆ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದ ದಬ್ಬಣನಿಗೆ, ಅರ್ಧ ಬೆಟ್ಟ ಆಗಲೇ ಹತ್ತಿಯಾಯಿತು, ಇನ್ನರ್ಧ ಹತ್ತುವುದು ಬರೀ ಶಾಸ್ತ್ರಕ್ಕೆ ಅನ್ನಿಸುತ್ತಿತ್ತು. ಶನಿವಾರ ಬೆಳಿಗ್ಗೆ ಬಸ್ಸು. ಬಸ್ಸಿನಲ್ಲಿ ಎರಡು ದಿನ, ರಸ್ತೆ ಮುಗಿದ ಕಡೆಯಿಂದ ಕಾಲ್ನಡಿಗೆಯಲ್ಲಿ ಆರು ದಿನ, ಅಲ್ಲಿಂದ ಮೇಲೆ, ಇನ್ನೂ ಮೇಲೆ, ಕತ್ತು ಹಿಂದಕ್ಕೆ ಮುರಿದುಕೊಳ್ಳುವಷ್ಟು ಮೇಲೆ. ಅಷ್ಟು ಎತ್ತರದ ಶಿಖರವಾದರೂ ಅದರ ನೆತ್ತಿಯಲ್ಲಿ ಹಿಮ ನಿಲ್ಲುವುದಿಲ್ಲವಂತೆ. ಬಿದ್ದದ್ದನ್ನೆಲ್ಲ ಗಾಳಿ ಗುಡಿಸಿಹಾಕಿ ಬಂಡೆಯನ್ನು ಬೋಳು ಮಾಡಿ ಇಟ್ಟಿರುತ್ತದಂತೆ. ವರ್ಷದಲ್ಲಿ ಎಂಟೋ ಒಂಬತ್ತೋ ದಿನ ಮಾತ್ರ ಆ ಗಾಳಿ ಸ್ವಲ್ಪ ಕೂತು ಉಸಿರು ತೆಗೆದುಕೊಳ್ಳುತ್ತದೆ, ಆಗ ಮನುಷ್ಯರು ಮೆಲ್ಲಗೆ ನುಸುಳಬೇಕು. ಇದನ್ನೆಲ್ಲ ಸಿಸ್ಟರ್ ಹೇಳಿದ್ದು. ಎರಡು ವರ್ಷದ ಹಿಂದೆ ಬೆನ್ನಿನ ಚೀಲದ ಪಟ್ಟಿ ಹೊಲಿಸಲು ಬಂದಿದ್ದ ಆಸ್ಪತ್ರೆಯ ನರ್ಸು ಮಾತಿಗೆ ಮಾತು ಬಂದು ಆ ಶಿಖರದ ಹೆಸರೆತ್ತಿದಾಗ, ದಬ್ಬಣ ಬಾಯಲ್ಲಿದ್ದ ದಾರ ಕಚ್ಚಿ ತುಂಡು ಮಾಡಿ, "ಯಾವಾಗ ಹೊರಡೋದು?" ಎಂದು ಕೇಳಿಬಿಟ್ಟಿದ್ದ. ಐವತ್ತೆಂಟು ವರ್ಷದ ಬಾಯಿ. ಒಂದು ಸಲ ತೆರೆಯಿತೆಂದರೆ ಮುಚ್ಚಲು ಒಡೆಯನನ್ನೇ ಕೇಳುತ್ತಿರಲಿಲ್ಲ. ಆರಡಿ ಉದ್ದ, ಹಿಡಿ ಅಗಲ, ತಲೆಯೊಂದು ಕಡೆ ವಾಲಿದ ಆಳು. ಗೋಣಿ ಹೊಲಿಯುವ ದಬ್ಬಣದ ಹೆಸರು ಅವನಿಗೆ ಅಂಟಿಕೊಂಡದ್ದರಲ್ಲಿ ಯಾರ ತಪ್ಪೂ ಇರಲಿಲ್ಲ.

ನಾಲ್ಕು ತಿಂಗಳಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಚೀಲಕ್ಕೆ ಹಳೆಯ ತಾಡಪಾಲಿನ ಚೂರುಗಳನ್ನು ತುಂಬಿ ಬೆನ್ನಿಗೆ ಹಾಕಿಕೊಂಡು ನೀರಿನ ಟ್ಯಾಂಕಿನ ಮೆಟ್ಟಿಲನ್ನು ದಿನಕ್ಕೆ ಹನ್ನೆರಡು ಸಲ ಹತ್ತಿ ಇಳಿದಿದ್ದ. ಹದಿಮೂರನೆಯ ಸಲ ಹತ್ತುವಾಗ ಮೋಡದ ಅಂಚು ತಲೆಗೆ ತಗುಲಿ ಕೂದಲು ಒದ್ದೆಯಾಯಿತು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದ. ಭಾರ ಕಡಿಮೆಯಾಗಲೆಂದು ಸಿಸ್ಟರ್ ಹಲ್ಲುಜ್ಜುವ ಬ್ರಷ್ಷುಗಳ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ ದಿನ ಅವನು ಮನೆಗೆ ಓಡಿ ತನ್ನ ಬೆಲ್ಟಿನ ಹೆಚ್ಚುವರಿ ತೂತುಗಳ ತುದಿಯನ್ನೂ ಕತ್ತರಿಸಿ ತಂದಿದ್ದ. ಮತ್ತೆ ಈ ಡೇರೆ! ಲಾರಿಯ ಸರಕಿಗೆ ಹೊದಿಸುವ ಹುಡ್ಡು ಹೊಲಿಯುವುದರಲ್ಲಿ ಮೂವತ್ತಾರು ವರ್ಷ ಸವೆಸಿದ ಕೈ ಅದು. ತಾನು ಹೊಲಿದ ಹುಡ್ಡನ್ನು ಬಿಚ್ಚಲಾಗದೆ ಒಬ್ಬ ಡ್ರೈವರು ಕೆಳಗಿನಿಂದ ಲಾರಿಯನ್ನೇ ಬಿಚ್ಚಿ ಸರಕು ಇಳಿಸಿದ ಎಂಬ ಕಥೆಯನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಈಗ ಆ ಡ್ರೈವರಿನ ಮುಖ, ಮೀಸೆ, ಕೈಯಲ್ಲಿದ್ದ ಸ್ಪ್ಯಾನರಿನ ನಂಬರು ಕೂಡ ಕಣ್ಣಿಗೆ ಕಟ್ಟುತ್ತಿತ್ತು. ಹೋದ ಭಾನುವಾರ ಈ ಡೇರೆಯನ್ನು ಬೆಟ್ಟಕ್ಕೆ ಜೊತೆಗೆ ಹೊರಟಿದ್ದ ಭಾವಮೈದನ ಖಾಲಿ ಲಾರಿಯ ಮೇಲೆ ಕಟ್ಟಿ, ದೊಡ್ಡ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಒಂದು ಗಂಟೆ ಓಡಿಸಿ ನೋಡಿದ್ದರು. ಡೇರೆ ಒಂದು ಸಲ ಕೂಡ ಕೆಮ್ಮಿರಲಿಲ್ಲ. ಸಿಸ್ಟರೂ ಸೇರಿ ಮೂವರೂ ಗೆದ್ದ ಸೈನ್ಯದ ಹಾಗೆ ಹಾರ್ನು ಬಾರಿಸಿಕೊಂಡು ವಾಪಸು ಬಂದಿದ್ದರು.

"ಏನ್ ಮಾಸ್ಟ್ರೇ, ತುದಿ ಮುಟ್ಟಿದ್ರಾ?" ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಡೇರೆಯ ಹಿಂದಿನಿಂದ ಕೂಗಿದ.

"ಮುಟ್ಟಿ ಇಳೀತಾ ಇದೀನಯ್ಯಾ, ಚಹಾ ಆರೋಗುತ್ತೆ ಅಂತ!"

ಮೆಕ್ಯಾನಿಕ್ ನಗುತ್ತ ಯಾವುದೋ ಲಾರಿಯ ಏರ್ ಫಿಲ್ಟರಿಗೆ ಕಂಪ್ರೆಸರಿನ ಗಾಳಿ ಹೊಡೆಯತೊಡಗಿದ. ಬುಸ್ಸೆಂದು ಬಂದ ಆ ಗಾಳಿಯ ಒಂದು ಎಳೆ ದಾರಿತಪ್ಪಿ ಡೇರೆಯ ಬೆನ್ನಿಗೆ ಬಡಿಯಿತು. ದಬ್ಬಣನ ಕತ್ತಿನ ಹಿಂಭಾಗದಲ್ಲಿ, ಕೂದಲು ಮುಗಿದು ಅಂಗಿ ಶುರುವಾಗುವ ಎರಡು ಬೆರಳಿನ ಜಾಗದಲ್ಲಿ, ತಣ್ಣಗೆ ಏನೋ ಮುಟ್ಟಿತು.

ಅವನು ತಿರುಗಲಿಲ್ಲ. ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು. ಮೈಯಲ್ಲಿದ್ದ ಸಂಭ್ರಮವೆಲ್ಲ ಅಲ್ಲಲ್ಲೇ ನಿಂತು ಕಿವಿ ನಿಮಿರಿಸಿದ ಹಾಗಾಯಿತು. ಮತ್ತೊಂದು ಸಲ ಬುಸ್ಸೆಂದಿತು, ಮತ್ತೊಂದು ಸಲ ಕತ್ತಿಗೆ ಮುಟ್ಟಿತು. ಆಗ ಮೆಲ್ಲಗೆ ತಿರುಗಿ ನೋಡಿದ. ಲಾರಿ ಹುಡ್ಡಿಗೆ ಒಂದು ಮುಂದು, ಒಂದು ಹಿಂದು. ಮುಂದಿನ ಪಟ್ಟಿಯ ಅಂಚು ಹಿಂದಿನ ಪಟ್ಟಿಯ ಮೇಲೆ ನಾಲ್ಕು ಬೆರಳು ಏರಿ ಕೂರಬೇಕು, ಹೆಂಚಿನ ಮೇಲೆ ಹೆಂಚು ಕೂತ ಹಾಗೆ. ಲಾರಿ ಮುಂದಕ್ಕೆ ಓಡುತ್ತದೆ, ಎದುರಿನ ಗಾಳಿ ಪಟ್ಟಿಯಿಂದ ಪಟ್ಟಿಗೆ ಜಾರಿಕೊಂಡು ಹೋಗುತ್ತದೆ, ಒಳಗಿನ ಸರಕಿಗೆ ಸುದ್ದಿಯೂ ಮುಟ್ಟುವುದಿಲ್ಲ. ಮೂವತ್ತಾರು ವರ್ಷ ಅವನ ಗಾಳಿ ಮುಂದಿನಿಂದಲೇ ಬಂದಿತ್ತು. ಲಾರಿ ನಿಂತರೆ ಗಾಳಿಯೂ ನಿಲ್ಲುತ್ತಿತ್ತು. ಗಾಳಿಯೆಂದರೆ ಲಾರಿಯ ಆಳು. ಈ ಡೇರೆಯನ್ನೂ ಕೈ ಹಾಗೆಯೇ ಹೊಲಿದಿತ್ತು, ಹನ್ನೊಂದು ಪಟ್ಟಿ, ಎಲ್ಲದರ ಬಾಯಿಯೂ ಹಿಂದಕ್ಕೆ. ಬೆಟ್ಟದ ಗಾಳಿಗೆ ಯಾವ ಲಾರಿ? ಅದು ಹಿಂದಿನಿಂದ ಬಂದರೆ ಒಂದೊಂದು ಪಟ್ಟಿಯ ಬಾಯಿಗೂ ಬೆರಳು ಹಾಕುತ್ತದೆ, ಉಬ್ಬಿಸುತ್ತದೆ, ಹೊಲಿಗೆಯನ್ನು ತುದಿಯಿಂದ ಹಿಡಿದು ಬಟಾಣಿ ಸುಲಿದ ಹಾಗೆ ಸುಲಿದು ಹಾಕುತ್ತದೆ. ಆಮೇಲೆ ಆ ಬೋಳು ಬಂಡೆಯ ಪಕ್ಕದಲ್ಲಿ ಮೂರು ಜನ, ಮೈಮೇಲೆ ಹನ್ನೊಂದು ಚಿಂದಿ.

ಇದು ಅವನಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಬ್ಬ ಸಾಹುಕಾರನ ಆಫೀಸಿನಲ್ಲಿ, ತಿರುಗುವಾಗಲೆಲ್ಲ ಕಟಕ್ಕೆನ್ನುವ ಫ್ಯಾನಿನ ಕೆಳಗೆ, ನೆಲದ ಮೇಲೆ ಹರಡಿದ್ದ ಹರಿದ ಹುಡ್ಡಿನ ಮುಂದೆ ಅವನು ಮಂಡಿಯೂರಿ ಕೂತಿದ್ದ. ಭಾವಮೈದ ಆಗ ಆ ಸಾಹುಕಾರನ ಲಾರಿ ಓಡಿಸುತ್ತಿದ್ದ. ಮಳೆಗೆ ರಸ್ತೆ ಕೊಚ್ಚಿಹೋಗಿ ಲಾರಿಗಳನ್ನು ಗೂಡ್ಸ್ ರೈಲಿನ ಬಯಲು ಬೋಗಿಗಳ ಮೇಲೆ ಹತ್ತಿಸಿ ಸಾಗಿಸಿದ್ದರು, ಅವನ ಲಾರಿಯನ್ನು ಹಿಂದುಮುಂದಾಗಿ ಹತ್ತಿಸಿದ್ದರು. ರೈಲು ಬಂದು ನಿಂತಾಗ ಹುಡ್ಡು ಹರಿದು ನೇತಾಡುತ್ತಿತ್ತು. ಲಾರಿಯ ತುಂಬ ಮಕ್ಕಳ ನೋಟ್‌ಬುಕ್ಕು, ಒಂದೊಂದೂ ನೀರು ಕುಡಿದು ಊದಿದ ದಿಂಬಾಗಿತ್ತು. ಹೊಲಿಗೆಯದ್ದೋ, ಡ್ರೈವರು ಕಟ್ಟಿದ ಗಂಟಿನದ್ದೋ ತಪ್ಪು? ಸಾಹುಕಾರ ಕೇಳಿದ್ದು ಇಷ್ಟೇ. ಪಟ್ಟಿಗಳ ಬಾಯಿ ಮೀನಿನ ಬಾಯಿಯ ಹಾಗೆ ಒಂದೇ ಕಡೆಗೆ ತೆರೆದು ನಿಂತಿದ್ದನ್ನು ದಬ್ಬಣ ಕಂಡ. ಕಂಡ ಕ್ಷಣಕ್ಕೇ ಅರ್ಥವಾಯಿತು. ಬಾಯಿ ತೆರೆದ. ಅಂಗಡಿಯ ಹೆಸರು, ಲಾರಿಯನ್ನೇ ಬಿಚ್ಚಿದ ಡ್ರೈವರಿನ ಕಥೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇನ್ನೂ ನಾಲ್ಕು ಲಾರಿ ಮಾಲೀಕರು, ಎಲ್ಲ ಸೇರಿ ಅವನ ನಾಲಿಗೆಯನ್ನು ಹಿಡಿದು ತಿರುಗಿಸಿದವು. "ಗಂಟು ಸಡಿಲ ಆಗಿದೆ," ಎಂದ. ಭಾವಮೈದ ತನ್ನ ಎರಡೂ ಅಂಗೈಯನ್ನು ಮೇಲೆ ಮಾಡಿ ನೋಡಿಕೊಂಡ, ಅವು ಯಾರದೋ ಕೈ ಎಂಬಂತೆ. ಕೆಲಸ ಹೋಯಿತು. ಎರಡು ವರ್ಷ ಇನ್ನೊಬ್ಬರ ಲಾರಿ ತೊಳೆದ. ಮತ್ತೆ ಸ್ಟೇರಿಂಗು ಹಿಡಿದ ಮೇಲೆ, ಒಂದು ಹಗ್ಗಕ್ಕೆ ನಾಲ್ಕು ಗಂಟು ಹಾಕಿ, ಮೈಲಿಗೊಂದು ಸಲ ಇಳಿದು ಮುಟ್ಟಿ ನೋಡುವವನಾದ. ಜನ ನಗುತ್ತಿದ್ದರು, ದಬ್ಬಣನೂ ನಗುತ್ತಿದ್ದ. ಆ ಸುಳ್ಳನ್ನು ಅವನು ಎಷ್ಟು ಆಳದಲ್ಲಿ ಹೂತಿದ್ದನೆಂದರೆ ತನ್ನ ಕೈಗೂ ಗೊತ್ತಾಗದ ಹಾಗೆ ಹೂತಿದ್ದ. ಇಲ್ಲದಿದ್ದರೆ ಈ ಕೈ ಮತ್ತೆ ಅದೇ ಹೊಲಿಗೆ ಯಾಕೆ ಹಾಕುತ್ತಿತ್ತು?

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ತಟ್ಟೆಯ ಪಕ್ಕದಲ್ಲಿ ಎರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟಳು. ಒಂದು ಉದ್ದ, ಒಂದು ಗಿಡ್ಡ.

"ಇದು ನಿಮಗೆ, ಇದು ತಮ್ಮನಿಗೆ. ನಿಮ್ಮ ಪಾದ ನೋಡಿ ನೋಡಿ ನನ್ನ ಉಣ್ಣೆಯೆಲ್ಲ ಮುಗಿದೋಯ್ತು. ಪಾದವೋ ದೋಣಿಯೋ."

"ದೋಣಿಯೇ ಕಣೇ. ಮೇಲೆ ಹಿಮ ಕರಗಿ ಪ್ರವಾಹ ಬಂದ್ರೆ ಸಿಸ್ಟರನ್ನ ಕೂರಿಸ್ಕೊಂಡು ಇಳಿದುಬಿಡ್ತೀನಿ." ಬಾಯಿ ತಾನಾಗಿ ಹೇಳಿತು. ಕೈ ಮಾತ್ರ ತುತ್ತನ್ನು ಮತ್ತೆ ತಟ್ಟೆಗೇ ಇಳಿಸಿತು.

"ಹಗ್ಗದ ಹತ್ರ ತಮ್ಮನ್ನ ಸ್ವಲ್ಪ ನೋಡ್ಕೊಳ್ಳಿ," ಎಂದಳು ಅವಳು ನೀರು ಬಗ್ಗಿಸುತ್ತ, ಹವಾಮಾನ ಹೇಳುವಷ್ಟು ಸಹಜವಾಗಿ. "ಅವನ ಕೈ ಗೊತ್ತಲ್ಲ."

ಅವನ ಕೈ ಗೊತ್ತಲ್ಲ. ದಬ್ಬಣ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಅದರೊಳಗೆ ಬೆರಳು ಆಡಿಸಿದ. ಬಿಚ್ಚಿ ಹೊಲಿದರಾಯಿತು, ಅಷ್ಟೇ ತಾನೇ, ಎಂದು ತಲೆ ಓಡತೊಡಗಿತು. ಇವತ್ತು ಮಧ್ಯಾಹ್ನ, ನಾಳೆ ಇಡೀ ದಿನ. ಎರಡೂ ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ, ಪ್ಯಾಂಟಿನ ತೊಡೆಗೆ ಹಾಕುವಂಥದ್ದು; ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಯಾರಾದರೂ ಕೇಳಿದರೆ, ಅಂದ ಕಾಣಲಿ ಅಂತ ಹೊಲಿದೆ ಅನ್ನುವುದು. ಡೇರೆ ಗಟ್ಟಿಯಾಗುತ್ತದೆ, ಬೆಟ್ಟ ಸಿಗುತ್ತದೆ, ಹೂತದ್ದು ಹೂತಲ್ಲೇ ಇರುತ್ತದೆ. ಈ ಉಪಾಯ ಹೊಳೆದದ್ದೇ ಸಂಭ್ರಮ ಮತ್ತೆ ಹೊಟ್ಟೆಯಿಂದ ಎದ್ದು ಎದೆಗೆ ಬಂದು ಕುಣಿಯತೊಡಗಿತು. ಅನ್ನ ಬಿಟ್ಟು ಎದ್ದ. ದಾರಿಯಲ್ಲಿ ಹೆಚ್ಚುಕಡಿಮೆ ಓಡಿದ. ಅಂಗಡಿಗೆ ಬಂದವನೇ ಡೇರೆಯನ್ನು ಕೆಡವಿ ಒಳಗೆಳೆದು, ಬ್ಲೇಡು ತೆಗೆದುಕೊಂಡು, ಕೊನೆಯ ಪಟ್ಟಿಯ ಹೊಲಿಗೆಗೆ ಮುಟ್ಟಿಸಿದ.

"ಭಾವಾ! ಏನ್ ಮಾಡ್ತಿದೀರಿ?"

ಬಾಗಿಲಲ್ಲಿ ಭಾವಮೈದ. ಅವನ ಹಿಂದೆ ನಕ್ಷೆಯ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಸಿಸ್ಟರ್. ಮೂರು ಗಂಟೆಗೆ ಕೊನೆಯ ಸಭೆಯೆಂದು ತಾನೇ ಹೇಳಿದ್ದು ದಬ್ಬಣನಿಗೆ ಮರೆತೇಹೋಗಿತ್ತು.

"ಏನಿಲ್ಲಯ್ಯಾ, ಸ್ವಲ್ಪ ಅಂದ ಮಾಡೋಣ ಅಂತ..."

"ಅಂದ ಯಾಕೆ? ಬೆಟ್ಟಕ್ಕೇನು ಹೆಣ್ಣು ನೋಡೋಕೆ ಹೋಗ್ತಿದೀವಾ?" ಭಾವಮೈದ ಬಂದು ಅವನ ಕೈಯಿಂದ ಬ್ಲೇಡನ್ನು ಮಗುವಿನ ಕೈಯಿಂದ ತೆಗೆದ ಹಾಗೆ ತೆಗೆದು ಕಪಾಟಿನ ಮೇಲಿಟ್ಟ. ಗುಂಡಗಿನ ಆಳು, ನಗುವಾಗ ಹೊಟ್ಟೆ ಮೊದಲು ನಗುತ್ತಿತ್ತು. "ಎಂಬತ್ತರ ಸ್ಪೀಡಲ್ಲಿ ಒಂದು ಗಂಟೆ ಓಡ್ಸಿ ನೋಡಿದೀವಲ್ಲ ಸಿಸ್ಟರ್, ಈ ಹೊಲಿಗೆ ಮುಟ್ಟಬಾರದು. ದೇಶದ ತುಂಬ ಓಡಾಡಿರೋ ಹೊಲಿಗೆ ಇದು. ಹರಿದಿರೋದು ಒಂದೇ ಸಲ, ಅದೂ ನನ್ನ ಕೈಯಿಂದ."

ಸಿಸ್ಟರ್ ಕತ್ತರಿಸುವ ಮೇಜಿನ ಮೇಲಿನ ಚೂರುಗಳನ್ನು ಪಕ್ಕಕ್ಕೆ ಸರಿಸಿ ನಕ್ಷೆ ಬಿಡಿಸಿದಳು. ನಾಲ್ಕು ಮೂಲೆಗೂ ಕತ್ತರಿ, ಅಳತೆಪಟ್ಟಿ, ದಾರದ ಉಂಡೆ, ಚಹಾದ ಲೋಟ ಇಟ್ಟಳು. ಐವತ್ತರ ಹೆಂಗಸು, ಕೂದಲು ಗಂಡಸಿನಷ್ಟು ಗಿಡ್ಡ, ವಾರ್ಡಿನಲ್ಲಿ ರೋಗಿಗಳಿಗೆ ಮಾತ್ರೆ ಹಂಚುವ ಸ್ವರದಲ್ಲೇ ಬೆಟ್ಟವನ್ನೂ ಹಂಚುತ್ತಿದ್ದಳು. ಅವಳ ಬೆರಳು ನಕ್ಷೆಯ ಮೇಲೆ ಹತ್ತತೊಡಗಿದಾಗ ದಬ್ಬಣ ತನಗರಿವಿಲ್ಲದೆ ಮೇಜಿನ ಮೇಲೆ ಬಗ್ಗಿದ. "ಇಲ್ಲಿ ಮೊದಲನೇ ಕ್ಯಾಂಪು, ಇಲ್ಲಿ ಎರಡನೇದು. ಇಲ್ಲಿಂದ ಬೆಟ್ಟದ ಬೆನ್ನಿನ ಈ ಏಣು ಹಿಡೀತೀವಿ. ನೋಡಿ, ಕತ್ತೀ ಅಲಗಿನ ಹಾಗಿದೆ. ಮೇಲೆ ಹೋಗಿ ಬಂದವರೊಬ್ಬರು ನನಗೆ ಕಾಗದ ಬರೆದಿದಾರೆ. ಏಣಿನ ಮೇಲೆ ಗಾಳಿ ಒಂದು ಕಡೆಯಿಂದ ಬರಲ್ವಂತೆ. ಬೆಳಿಗ್ಗೆ ಎದುರಿಗಿದ್ದರೆ ಮಧ್ಯಾಹ್ನ ಬೆನ್ನಿಗೆ, ಸಂಜೆಗೆ ಎರಡೂ ಪಕ್ಕಕ್ಕೆ. ಮಾಸ್ಟ್ರೇ, ಅಲ್ಲಿ ಡೇರೆ ಬಾಗಿಲನ್ನ ಯಾವ ಕಡೆ ಇಡೋಣ?"

"ಯಾವ ಕಡೆ ಆದ್ರೂ... ನಡೆಯುತ್ತೆ." ಆ ಮಾತು ಹಲ್ಲಿಗೆ ಅಂಟಿಕೊಂಡು ಅಂಟಿಕೊಂಡು ಹೊರಬಂತು.

"ಸರಿ. ಈಗ ಕೆಲಸ. ಒಲೆ ನನ್ನದು. ಡೇರೆ ಮಾಸ್ಟ್ರದು. ಏಣಿನ ಮೇಲೆ ಮೂರು ಜನಾನೂ ಒಂದೇ ಹಗ್ಗಕ್ಕೆ ಕಟ್ಟಿಕೊಳ್ಳಬೇಕು. ಹಗ್ಗ, ಗಂಟು ಎಲ್ಲ ಡ್ರೈವರ್ ಸಾಹೇಬ್ರದು."

ಭಾವಮೈದನ ಹೊಟ್ಟೆಯ ನಗು ನಿಂತಿತು. "ಅದು ಬೇಡ ಸಿಸ್ಟರ್."

"ಯಾಕ್ರೀ? ನಿಮ್ಮಷ್ಟು ಗಟ್ಟಿಯಾಗಿ ಕಟ್ಟೋರು ಯಾರಿದಾರೆ?"

"ಸಾಮಾನು ಎಷ್ಟು ಬೇಕಾದ್ರೂ ಹೊರ್ತೀನಿ. ನಿಮ್ಮಿಬ್ಬರ ಚೀಲಾನೂ ಹೊರ್ತೀನಿ. ಗಂಟು ಮಾತ್ರ ಬೇಡ." ಅವನು ತನ್ನ ಅಂಗೈ ನೋಡಿಕೊಳ್ಳಲಿಲ್ಲ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಕಾಣದ ಹಾಗೆ. "ನೋಟ್‌ಬುಕ್ ನೆಂದ್ರೆ ಒಣಗಿಸಬಹುದು. ಭಾವನ್ನ ಕಳ್ಕೊಂಡು ಬಂದ್ರೆ ಅಕ್ಕನಿಗೆ ಏನ್ ಹೇಳ್ಲಿ? ಹಗ್ಗ ನಾನು ಕಟ್ಟಲೇಬೇಕು ಅಂದ್ರೆ ನಾನು ಬರೋದೇ ಇಲ್ಲ. ನೀವಿಬ್ರೂ ಹೋಗ್ಬನ್ನಿ."

ಆ ಏಣಿನ ಮೇಲೆ ಇಬ್ಬರೇ ಹೋಗುವಂತಿರಲಿಲ್ಲ, ಮೂವರಿಗೂ ಗೊತ್ತಿತ್ತು. ಸಿಸ್ಟರಿನ ಬೆರಳು ಏಣಿನ ಮೇಲೆಯೇ ನಿಂತಿತು. ದಬ್ಬಣನಿಗೆ ಆ ಬೆರಳು ಕಾಣುತ್ತಿತ್ತು, ಅದರ ಉಗುರಿನ ಕೆಳಗೆ ಅವನ ಇಡೀ ಬೆಟ್ಟವಿತ್ತು. ಅದರ ಪಕ್ಕದಲ್ಲಿ ಭಾವಮೈದನ ಬೆನ್ನ ಹಿಂದೆ ಒಂದರೊಳಗೊಂದು ಅಡಗಿ ಕೂತ ಎರಡು ಕೈ. ಸಾಹುಕಾರನ ಫ್ಯಾನು ಕಟಕ್ಕೆಂದಿತು. ಒದ್ದೆ ಕಾಗದದ ವಾಸನೆ ಮೂಗಿಗೆ ಬಂತು. ಅವತ್ತು ಮನೆಗೆ ಬಂದು ಹೆಂಡತಿಗೂ ಅದೇ ಸುಳ್ಳು ಹೇಳಿದಾಗ ಅವಳು ತಮ್ಮನ ಮನೆಗೇ ಹೋಗಿ ಬೀದಿಯಲ್ಲಿ ನಿಂತು ಬೈದು ಬಂದಿದ್ದಳು, "ಮನೆಯ ಮರ್ಯಾದೆ ಕಳೆದೆಯಲ್ಲೋ" ಎಂದು, ಎರಡು ವರ್ಷ ಮಾತು ಬಿಟ್ಟಿದ್ದಳು. ಆ ಎರಡು ವರ್ಷವೂ ಅವನು, ಹೋಗಲಿ ಬಿಡೇ, ತಪ್ಪು ಯಾರಿಂದ ಆಗಲ್ಲ, ಎಂದು ದೊಡ್ಡ ಮನುಷ್ಯನ ಹಾಗೆ ಸಮಾಧಾನ ಹೇಳಿದ್ದ. ಯಾರಿಗೂ ಗೊತ್ತಿಲ್ಲದೆ ಪಡೆದ ಆ ದೊಡ್ಡಸ್ತಿಕೆ ಈಗ ಮೈಮೇಲೆ ಅಂಟಂಟಾಗಿ ಹತ್ತಿತು. ಹೇಳಿದರೆ ಬೆಟ್ಟ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಎರಡೂ ಕಡೆಯಿಂದ ಹೋಗುವುದಾದರೆ...

"ಗಂಟು ಸಡಿಲ ಆಗಿರ್ಲಿಲ್ಲ ಕಣಯ್ಯಾ," ಎಂದ.

"ಏನು?"

"ಅವತ್ತು. ನಿನ್ನ ಗಂಟು ಸರಿಯಾಗೇ ಇತ್ತು. ಹರಿದದ್ದು ನನ್ನ ಹೊಲಿಗೆ. ಲಾರೀನ ಹಿಂದುಮುಂದು ಹತ್ತಿಸಿದ್ರಲ್ಲ, ಗಾಳಿ ಪಟ್ಟಿ ಬಾಯೊಳಗೆ ನುಗ್ಗಿದೆ. ನಾನು ಅಲ್ಲೇ ನೋಡ್ದೆ. ಬೇಕಂತಲೇ ಸುಳ್ಳು ಹೇಳ್ದೆ." ಮಾತು ಒಂದು ಸಲ ಹರಿದ ಮೇಲೆ ನಿಲ್ಲಲಿಲ್ಲ. ಡೇರೆಯನ್ನು ಎಳೆದು, ಪಟ್ಟಿಯ ಅಂಚಿಗೆ ಬಾಯಿಟ್ಟು ಉಫ್ ಎಂದು ಊದಿ ತೋರಿಸಿದ. ಅಂಚು ಎದ್ದು ಪಟಪಟ ಬಡಿಯಿತು. "ಇದನ್ನೂ ಹಾಗೇ ಹೊಲಿದಿದೀನಿ. ಏಣಿನ ಮೇಲೆ ಗಾಳಿ ಬೆನ್ನಿಗೆ ಬಂದ್ರೆ ನಾವು ಸತ್ವಿ. ನೀನು ಬರೋ ಹೊತ್ತಿಗೆ ಕಳ್ಳನ ಹಾಗೆ ಬಿಚ್ಚಿ ಹೊಲೀತಿದ್ದೆ."

ಬಾಗಿಲಲ್ಲಿ ಏನೋ ಸದ್ದಾಯಿತು. ಅವನು ಮನೆಯಲ್ಲಿ ಮರೆತು ಬಂದ ಕಾಲುಚೀಲಗಳನ್ನು ಕೊಡಲು ಬಂದ ಹೆಂಡತಿ ಹೊಸ್ತಿಲ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮುಖ ನೋಡಿದರೆ ಪೂರ್ತಿ ಕೇಳಿದ ಮುಖ.

"ಹನ್ನೊಂದು ವರ್ಷ," ಎಂದಳು, ಮೆಲ್ಲಗೆ. "ನನ್ನ ಬಾಯಲ್ಲಿ ಅವನನ್ನ ಬೈಸಿದ್ರಲ್ಲ."

ದಬ್ಬಣ ಏನಾದರೂ ಹೇಳುವ ಮೊದಲು ಭಾವಮೈದ ಡೇರೆಯನ್ನು ಬಾಚಿ ಹೆಗಲಿಗೆ ಹಾಕಿಕೊಂಡ. ಮುಖದಲ್ಲಿ ಸಿಟ್ಟು ಕಾಣುತ್ತಿರಲಿಲ್ಲ. ದಾರಿ ಕೇಳಲು ನಿಂತ ಹೊಸಬನ ಹಾಗಿತ್ತು.

"ತಮ್ಮಾ..."

"ಈಗ ಬೇಡ ಅಕ್ಕಾ." ಹೊರಗೆ ನಿಂತ ಲಾರಿಯ ಹಲಗೆ ಇಳಿಸಿದ. "ಭಾವ, ಹತ್ತಿ."

ಹತ್ತಿದ. ಹೆಂಗಸರಿಬ್ಬರೂ ಹತ್ತಿದರು. ಊರಾಚೆ ವಿಮಾನ ಇಳಿಯುವುದನ್ನು ಎಂದೋ ನಿಲ್ಲಿಸಿದ ಒಂದು ಹಳೆಯ ರನ್‌ವೇ ಇತ್ತು, ಅಳತೆಪಟ್ಟಿಯಷ್ಟು ನೆಟ್ಟಗೆ, ಒಂದು ಕತ್ತೆಯೂ ಇಲ್ಲದಷ್ಟು ಖಾಲಿ. ಅಲ್ಲಿ ಲಾರಿ ನಿಲ್ಲಿಸಿ ಭಾವಮೈದ ಡೇರೆಯನ್ನು ಲಾರಿಯ ಮೇಲೆ ಹಿಂದುಮುಂದು ಮಾಡಿ ನಿಲ್ಲಿಸಿದ, ಪಟ್ಟಿಯ ಬಾಯಿಗಳೆಲ್ಲ ಕ್ಯಾಬಿನ್ನಿನ ಕಡೆಗೆ. ನಾಲ್ಕು ಮೂಲೆಯ ಹಗ್ಗವನ್ನು ಲಾರಿಯ ಕೊಂಡಿಗಳಿಗೆ ಕಟ್ಟಿದ. ಪ್ರತಿ ಹಗ್ಗಕ್ಕೂ ಒಂದೇ ಒಂದು ಗಂಟು. ಕಟ್ಟಿದ ಮೇಲೆ ಮುಟ್ಟಿ ನೋಡಲಿಲ್ಲ.

"ಒಳಗೆ ಕೂತ್ಕೊಳ್ಳಿ."

"ರೀ, ಏನಿದು, ಆಟಾನಾ?" ಎಂದಳು ಸಿಸ್ಟರ್. "ಅವರು ಹಾರಿಹೋದ್ರೆ?"

"ಅವರ ನಾಲಿಗೆ ತೂಕಕ್ಕೆ ಹಾರಲ್ಲ ಬಿಡಿ," ಎಂದಳು ಹೆಂಡತಿ, ಕ್ಯಾಬಿನ್ನು ಹತ್ತುತ್ತ. ಸಿಸ್ಟರ್ ಒಂದು ಕ್ಷಣ ಯೋಚಿಸಿ, ಚೀಲದಿಂದ ಹಗ್ಗದ ತುಂಡು ತೆಗೆದು ದಬ್ಬಣನ ಸೊಂಟಕ್ಕೂ ಲಾರಿಯ ಕಂಬಿಗೂ ಸೇರಿಸಿ ಕಟ್ಟಿ, ಆಮೇಲೆ ತಾನೂ ಹತ್ತಿದಳು.

ಮೊದಲು ಇಂಜಿನ್ನಿನ ಸದ್ದು, ಹಲಗೆಯ ಕುಲುಕಾಟ, ಅಷ್ಟೇ. ದಬ್ಬಣ ಬೆನ್ನನ್ನು ಕ್ಯಾಬಿನ್ನಿನ ಕಡೆ ಮಾಡಿ, ಮಂಡಿ ತಬ್ಬಿಕೊಂಡು ಕೂತ. ಇಪ್ಪತ್ತು, ಮೂವತ್ತು, ನಲವತ್ತು. ಕತ್ತಿನ ಆ ಎರಡು ಬೆರಳಿನ ಜಾಗಕ್ಕೆ ತಣ್ಣಗೆ ಮುಟ್ಟಿತು, ಬೆಳಿಗ್ಗೆ ಮುಟ್ಟಿದ ಹಾಗೆಯೇ, ಆದರೆ ಈ ಸಲ ಹೋಗದೆ ಅಲ್ಲೇ ಕೂತಿತು. ಐವತ್ತು. ಮೊದಲ ಪಟ್ಟಿ ಉಸಿರು ಎಳೆದುಕೊಂಡಿತು. ಎರಡನೆಯದು, ಮೂರನೆಯದು, ಡೇರೆಗೆ ಡೇರೆಯೇ ಕೂಗಲು ಸಿದ್ಧವಾದ ಕಪ್ಪೆಯ ಹಾಗೆ ಉಬ್ಬಿತು. ಅವನು ತಿರುಗಿದ. ತನ್ನ ಹೊಲಿಗೆಯನ್ನು ಒಳಗಿನಿಂದ, ಬೆಳಕಿಗೆ ಎದುರಾಗಿ, ಈವರೆಗೆ ನೋಡಿಯೇ ಇರಲಿಲ್ಲ. ತೂತುತೂತಿನಿಂದ ಬೆಳಕು ಸೋರುತ್ತಿತ್ತು, ತೂತು ಅಗಲವಾಗುತ್ತಿತ್ತು. ಎಪ್ಪತ್ತಕ್ಕೆ ಪಟ್ ಎಂದಿತು. ಆಮೇಲೆ ಪಟ್ ಪಟ್ ಪಟ್ ಎಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲು ಬಿಚ್ಚಿಕೊಂಡಿತು, ಮತ್ತೊಂದು ಸಾಲು, ಮತ್ತೊಂದು. ಗಾಳಿ ಒಳಗೆ ಬಂದು ಅವನ ಬಾಯಿ, ಮೂಗು, ಅಂಗಿಯ ತೋಳು, ಎಲ್ಲದರೊಳಗೂ ಕೈ ಹಾಕಿತು. ಅವನು ಕಿರುಚಿದ. ಹೆದರಿ ಕಿರುಚಲು ಹೊರಟದ್ದು ಹೊರಬರುವ ಹೊತ್ತಿಗೆ ಬೇರೆ ಏನೋ ಆಗಿತ್ತು. ಹೋ ಎಂದು, ಹೋ ಹೋ ಎಂದು, ಕಣ್ಣಲ್ಲಿ ನೀರು ಕಿವಿಯ ಕಡೆಗೆ ಹರಿಯುತ್ತಿರಲು, ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಂದಿರದಷ್ಟು ದೊಡ್ಡ ಸ್ವರದಲ್ಲಿ. ಬಟ್ಟೆಯೆಲ್ಲ ಹಿಂದಕ್ಕೆ ಸೀಳಿ ಹೋಗಿ ಬಾವುಟಗಳಾಗಿ ಬಡಿದುಕೊಂಡಿತು. ಮೇಲೆ ಬರೀ ಆಕಾಶ. ಇಷ್ಟು ಅಂತ ಹೇಳಿದರೆ ಯಾರೂ ನಂಬದಷ್ಟು ಆಕಾಶ.

ಲಾರಿ ನಿಂತಿತು. ಭಾವಮೈದ ಇಳಿದು ಹಿಂದೆ ಬಂದ. ದಬ್ಬಣನನ್ನು ನೋಡಲಿಲ್ಲ. ಒಂದನೆಯ ಮೂಲೆಗೆ ಹೋಗಿ ಗಂಟು ಹಿಡಿದು ಎಳೆದ. ಎರಡನೆಯದಕ್ಕೆ ಹೋದ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ನಾಲ್ಕೂ ಕೊಂಡಿಯಲ್ಲಿ ನಾಲ್ಕು ಗಂಟು, ಕಟ್ಟಿದ ಹಾಗೆಯೇ, ಒಂದು ಕೂದಲೂ ಜರುಗದೆ, ಪ್ರತಿಯೊಂದರ ತುದಿಯಲ್ಲೂ ಮೂಲೆಯ ಬಟ್ಟೆಯ ಒಂದೊಂದು ಚೂರು. ಕೊನೆಯದನ್ನು ಹಿಡಿದವನು ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಟೈರಿಗೆ ಒರಗಿ ಕುಕ್ಕರಿಸಿದ, ಅವನ ಹೊಟ್ಟೆ ಅಲುಗತೊಡಗಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ದಬ್ಬಣನಿಗೆ ಮೇಲಿನಿಂದ ಕಾಣಲಿಲ್ಲ. ಅಕ್ಕ ಬಂದು ತಮ್ಮನ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು. ಅವನ ಕೈಯನ್ನು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ದಬ್ಬಣ ಸೊಂಟದ ಹಗ್ಗ ಬಿಚ್ಚಿಕೊಂಡು ಇಳಿದ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದವನು, ಸುಮ್ಮನೆ ಹರಿದ ಬಟ್ಟೆಯನ್ನು ಮಡಚತೊಡಗಿದ.

"ನಾನು ಬರೋದಿಲ್ಲ," ಎಂದ ಕೊನೆಗೆ. "ನೀವಿಬ್ರೂ, ಇನ್ಯಾರಾದ್ರೂ ಒಬ್ಬರನ್ನ ಕರ್ಕೊಂಡು... ಡೇರೆ ಮಾತ್ರ ಹೊಲಿದುಕೊಡ್ತೀನಿ."

"ಯಾರು ಬರ್ತಾರೆ, ಯಾರು ಬಿಡ್ತಾರೆ ಆಮೇಲೆ," ಎಂದಳು ಸಿಸ್ಟರ್. ಅವಳ ಕಣ್ಣು ಗಡಿಯಾರದ ಮೇಲಿತ್ತು. "ಹೊಸ ಬಟ್ಟೆ ಇದೆಯಾ?"

"ಇದೆ."

"ಎಷ್ಟು ಗಂಟೆ ಬೇಕು?"

"ಒಬ್ಬನೇ ಆದ್ರೆ ಮೂರು ದಿನ. ಅಂಚು ಮಡಚಿ ಹಿಡ್ಕೊಳ್ಳೋಕೆ ಇನ್ನೆರಡು ಕೈ ಇದ್ರೆ ನಾಳೆ ಸಂಜೆ."

ಭಾವಮೈದ ಮೂಗು ಒರೆಸಿಕೊಂಡು ಎದ್ದ. ಕೈಯನ್ನು ಪ್ಯಾಂಟಿಗೆ ಒರೆಸಿ, ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡ. ಸುತ್ತಿ ಮುಗಿಸಿದ ಹಗ್ಗವನ್ನು ಸಿಸ್ಟರಿಗೆ ಕೊಡಲು ಹೋಗಿ, ಕೊಡದೆ, ತನ್ನ ಹೆಗಲಿಗೇ ಹಾಕಿಕೊಂಡ. ಆಮೇಲೆ ಬಂದು ದಬ್ಬಣ ಮಡಚುತ್ತಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದ.

"ಬನ್ನಿ ಭಾವ, ಕತ್ತಲಾಗೋಕೆ ಮುಂಚೆ ಎರಡು ಪಟ್ಟಿನಾದ್ರೂ ಮುಗಿಸ್ಬೇಕು."

"ಅಯ್ಯಾ, ನೀನು ನನ್ನ ಬೈಯೋದಾದ್ರೂ ಬೈದುಬಿಡಯ್ಯಾ."

"ಇಲ್ಲಿ ಬೈಯಲ್ಲ. ಸಿಸ್ಟರ್ ಇದಾರೆ, ಅಕ್ಕ ಇದಾಳೆ." ಭಾವಮೈದ ಬಟ್ಟೆಯನ್ನು ಒಂದು ಸಲ ಜೋರಾಗಿ ಕೊಡವಿ ನೇರ ಮಾಡಿದ. "ಮೇಲೆ ಹೋದ್ಮೇಲೆ ಬೈತೀನಿ. ಹನ್ನೊಂದು ವರ್ಷದ್ದು, ಒಂದೂ ಬಿಡದ ಹಾಗೆ. ಅಲ್ಲಿ ಅಷ್ಟು ಗಾಳಿ ಇರುತ್ತಲ್ಲ, ನಿಮಗೆ ಬಿಟ್ರೆ ಇನ್ಯಾರಿಗೂ ಕೇಳ್ಸಲ್ಲ."